ಲಕ್ಕುಂಡಿಯ ಗುಡಿಗಳಿಗಾಗಿ ಗದಗಿನ ಲಾಡ್ಜಿನಲ್ಲಿ

ಗುಡಿಗಳ ಕೆತ್ತನೆಯನ್ನು ಪೆನ್ಸಿಲ್ಲಿನಲ್ಲಿ ಬಿಡಿಸುವುದು ನನ್ನ ಹವ್ಯಾಸ. ಲಕ್ಕುಂಡಿಗೆ ಹುಬ್ಬಳ್ಳಿಯಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ಈ ಕೆಲಸ ಆಗುವುದಿಲ್ಲ. ಅಲ್ಲಿನ ಕಾಶಿವಿಶ್ವನಾಥ ಗುಡಿಯಲ್ಲಿ ಎರಡು ಗರ್ಭಗುಡಿ ಎದುರುಬದುರಾಗಿವೆ. ಶಿವನದು ಪೂರ್ವಕ್ಕೆ ಮುಖ, ಸೂರ್ಯನದು ಪಶ್ಚಿಮಕ್ಕೆ. ಬಳಪದ ಕಲ್ಲಿನ ಆ ಸಣ್ಣ ಸಣ್ಣ ಬಳ್ಳಿಗಳು ಓರೆ ಬಿಸಿಲು ಬಿದ್ದಾಗಲೇ ಸರಿಯಾಗಿ ಕಾಣುವುದು. ನಡು ಮಧ್ಯಾಹ್ನ ಎಲ್ಲಾ ಒಂದೇ ಸಮ ಕಪ್ಪು. ಅಂದರೆ ಬೆಳಿಗ್ಗೆಯೂ ಇರಬೇಕು, ಸಂಜೆಯೂ ಇರಬೇಕು. ಹಾಗಾಗಿ ರಾತ್ರಿ ಗದಗಿನಲ್ಲೇ ಉಳಿಯುತ್ತೇನೆ. ಅಲ್ಲಿಂದ ಲಕ್ಕುಂಡಿ ಸುಮಾರು 12 ಕಿಲೋಮೀಟರು. ಕೊಪ್ಪಳದ ಕಡೆ ಹೋಗುವ ರಸ್ತೆಯಲ್ಲೇ ಊರು ಸಿಗುತ್ತದೆ.

ದೊಡ್ಡ ಹೋಟೆಲಿನಲ್ಲಿ ಒಂದು ರಾತ್ರಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿನ ಸಣ್ಣ ಲಾಡ್ಜಿನಲ್ಲಿ ಮೂರು ರಾತ್ರಿ ಕಳೆಯಬಹುದು. ನನಗೆ ಬೇಕಾಗಿದ್ದು ಆ ಹೆಚ್ಚಿನ ಎರಡು ಬೆಳಗು. ಇದನ್ನು ಬಿಟ್ಟು ಬೇರೆ ಲೆಕ್ಕ ನನ್ನದಿಲ್ಲ.

ನಾನು ಉಳಿಯುವ ಲಾಡ್ಜು ಮೊದಲು ಹತ್ತಿ ವ್ಯಾಪಾರಿಯೊಬ್ಬರ ಮನೆಯಾಗಿತ್ತಂತೆ. ಕೆಳಗೆ ಖಾನಾವಳಿ, ಮೇಲೆ ರೂಮುಗಳು. ದೊಡ್ಡ ಪಡಸಾಲೆಗೆ ಪ್ಲೈವುಡ್ ಗೋಡೆ ಹಾಕಿ ನಾಲ್ಕು ರೂಮು ಮಾಡಿದ್ದಾರೆ. ಹಾಗಾಗಿ ಒಂದು ರೂಮಿಗೆ ಎರಡು ಬಾಗಿಲು, ಇನ್ನೊಂದಕ್ಕೆ ಕಿಟಕಿಯೇ ಇಲ್ಲ. ಮತ್ತೊಂದರ ನಟ್ಟನಡುವೆ ತೇಗದ ಕಂಬ. ನನಗೆ ಆ ಕಂಬದ ರೂಮೇ ಇಷ್ಟ. ಕಂಬಕ್ಕೆ ಹೊಡೆದ ಹಳೇ ಮೊಳೆಗೆ ಚೀಲ ತೂಗು ಹಾಕಬಹುದು, ಅದಕ್ಕೇ ಒರಗಿ ಕೂತು ಆವತ್ತಿನ ಚಿತ್ರ ತಿದ್ದಬಹುದು.

ಇಂಥ ಕಡೆ ದುಡ್ಡು ಕೊಡುವ ಮೊದಲು ರೂಮು ನೋಡಲೇಬೇಕು. ಮ್ಯಾನೇಜರ್ ಕಾಕಾ ತಾವೇ ಹೇಳುತ್ತಾರೆ, "ಚಾವಿ ತಗೊಂಡು ಮೊದ್ಲ ನೋಡ್ಕೊಂಡ ಬರ್ರಿ, ಆಮ್ಯಾಲ ಬರಸ್ರಿ." ನಾನು ಹೋದ ಕೂಡಲೇ ಫ್ಯಾನ್ ಹಾಕಿ ಸದ್ದು ಕೇಳುತ್ತೇನೆ. ಒಳಗಿನಿಂದ ಚಿಲಕ ಬೀಳುತ್ತದಾ ನೋಡುತ್ತೇನೆ. ಗಾದಿಯ ಮೂಲೆ ಎತ್ತಿ, ಹೊಲಿಗೆಯ ಸಂದಿಯಲ್ಲಿ ಕಪ್ಪು ಚುಕ್ಕೆಗಳಿವೆಯಾ ಅಂತ ಮೊಬೈಲ್ ಲೈಟ್ ಬಿಡುತ್ತೇನೆ. ತಿಗಣೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ನಳ ತಿರುಗಿಸುವುದು.

ನೀರಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗದಗ-ಬೆಟಗೇರಿಗೆ ನೀರು ಬರುವುದು ದೂರದ ತುಂಗಭದ್ರೆಯಿಂದ. ನಳಕ್ಕೆ ದಿನಾ ನೀರು ಬರುತ್ತದೆ ಅಂತ ನಂಬಿಕೊಂಡು ಕೂರುವ ಊರು ಇದಲ್ಲ. ಇಲ್ಲಿನ ಜನ ಒಂದೊಂದು ಕೊಡವನ್ನೂ ಲೆಕ್ಕ ಇಟ್ಟು ಬಳಸುತ್ತಾರೆ, ಲಾಡ್ಜಿನವರೂ ಅಷ್ಟೇ. ಸ್ನಾನಕ್ಕೆ ಒಂದು ಬಕೆಟ್ ಬಿಸಿನೀರು, ಒಂದು ಬಕೆಟ್ ತಣ್ಣೀರು. ಗೀಸರ್ ಇಲ್ಲ. ಹಿತ್ತಲಲ್ಲಿ ತಾಮ್ರದ ಹಂಡೆ, ಅದರ ಪಕ್ಕ ಆಳೆತ್ತರಕ್ಕೆ ಒಟ್ಟಿದ ಹತ್ತಿಕಟ್ಟಿಗೆ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗಿಡಗಳು ಅವು, ಚಟಚಟ ಅಂತ ಬೇಗ ಉರಿದು ಹೋಗುತ್ತವೆ. ಒಲೆ ಮುಂದೆ ಕೂತಿರುವ ಅಕ್ಕ ಕೈಗೆ ಬಿಡುವು ಕೊಡದೆ ಕಟ್ಟಿಗೆ ಒಟ್ಟುತ್ತಲೇ ಇರಬೇಕು. "ಆರಕ್ಕ ಬರ್ರಿ ಅಣ್ಣಾರ, ಎಂಟಕ್ಕ ಬೆಂಕಿ ಆರಸ್ತೀನಿ" ಅಂತ ಹಿಂದಿನ ರಾತ್ರಿಯೇ ಹೇಳಿರುತ್ತಾರೆ. ನಾನು ಆರು ಹೊಡೆಯುವ ಮೊದಲೇ ಬಕೆಟ್ ಹಿಡಿದು ನಿಂತಿರುತ್ತೇನೆ. ಹೊಗೆಯ ವಾಸನೆ ಇರುವ ಆ ನೀರಿನ ಸುಖ ಬೇರೆಯೇ.

ರೂಮ್ ಸರ್ವಿಸ್, ಬೆಲ್, ಟವೆಲ್, ಸೋಪು ಯಾವುದೂ ಇಲ್ಲ. ನಾನು ಒಂದು ಬೆಡ್‌ಶೀಟ್, ದಿಂಬಿನ ಕವರ್, ಸೊಳ್ಳೆಬತ್ತಿ, ಸಣ್ಣ ಬೀಗ, ಉದ್ದ ವೈರಿನ ಎಕ್ಸ್‌ಟೆನ್ಶನ್ ಬೋರ್ಡು ಒಯ್ಯುತ್ತೇನೆ. ರೂಮಿಗೆ ಒಂದೇ ಪ್ಲಗ್ಗು, ಅದೂ ಬಾಗಿಲ ಮೇಲೆ. ಹೊದೆಯಲು ಮಾತ್ರ ಏನೂ ಒಯ್ಯುವುದಿಲ್ಲ. ಅವರು ಕೌದಿ ಕೊಡುತ್ತಾರೆ. ಹಳೇ ಇಲಕಲ್ ಸೀರೆಯ ಅಂಚು, ಯಾರದೋ ಅಂಗಿಯ ಚೌಕಳಿ, ಮಕ್ಕಳ ಲಂಗದ ಹೂವು, ಎಲ್ಲವನ್ನೂ ಸೇರಿಸಿ ಬೆರಳಗಲಕ್ಕೊಂದು ಸಾಲಿನಂತೆ ಕೈಯಲ್ಲೇ ಹೊಲಿದದ್ದು. ತೊಳೆದು ತೊಳೆದು ಮೆತ್ತಗಾಗಿದೆ. ಡಿಸೆಂಬರಿನ ಚಳಿಗೆ ಅದರ ಮುಂದೆ ಯಾವ ರಗ್ಗೂ ಬೇಡ. ಅದರ ಒಂದು ಮೂಲೆಯನ್ನೂ ಪುಸ್ತಕದಲ್ಲಿ ಬಿಡಿಸಿಕೊಂಡಿದ್ದೇನೆ.

ಊಟ ಕೆಳಗಡೆಯೇ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ರಾತ್ರಿ ತಡವಾದರೆ ರೊಟ್ಟಿ ಮುಗಿದಿರುತ್ತದೆ, ಲಕ್ಕುಂಡಿಯಿಂದ ಕತ್ತಲಾಗುವ ಮೊದಲೇ ಬಸ್ಸು ಹತ್ತಿಬಿಡಿ. ಸಂಜೆ ಹೊಟ್ಟೆಗೆ ಬದನೆಕಾಯಿ ಬಜಿ ಇದ್ದೇ ಇದೆ, ಗದಗಿಗೆ ಬಂದು ಅದನ್ನು ತಿನ್ನದೆ ಹೋಗಬೇಡಿ.

ಕಾಗದಪತ್ರದ ಮಾತು. ಗುರುತಿನ ಚೀಟಿ ಕೇಳಿಯೇ ಕೇಳುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಪ್ರತಿಯನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದೇನೆ, ಅದನ್ನೇ ಕೊಡುತ್ತೇನೆ. ಚೆಕ್‌ಔಟ್ ಲೆಕ್ಕ 24 ಗಂಟೆಯದೋ ಅಥವಾ ಬೆಳಗಿನ ಇಂಥ ಹೊತ್ತಿನದೋ ಅಂತ ಬರೆಸುವಾಗಲೇ ಕೇಳಿಬಿಡಿ. ರಾತ್ರಿ ಹತ್ತಕ್ಕೆ ರೈಲಿಳಿದು ಬರುವವರಿಗೆ ಇದರಿಂದ ಅರ್ಧ ದಿನದ ಬಾಡಿಗೆ ಉಳಿಯುತ್ತದೆ. ಆಫೀಸಿಗೆ ಬಿಲ್ ಬೇಕಾದವರು ಜಿಎಸ್‌ಟಿ ಬಿಲ್ ಕೊಡುತ್ತಾರಾ ಅಂತಲೂ ಮೊದಲೇ ಕೇಳಬೇಕು. ದಿನಕ್ಕೆ 1000 ರೂಪಾಯಿ ಒಳಗಿನ ರೂಮಿಗೆ ಮೊದಲು ಈ ತೆರಿಗೆ ಇರಲಿಲ್ಲ, 2022ರ ಜುಲೈ 18ರಿಂದ ಬಂತು. ಆದರೆ ವರ್ಷಕ್ಕೆ 20 ಲಕ್ಷದ ಒಳಗೆ ವ್ಯಾಪಾರ ಇರುವ ಸಣ್ಣ ಲಾಡ್ಜಿನವರು ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಿಲ್ಲ, ಅವರು ಕೊಡುವುದು ಬರೀ ಕೈಬರಹದ ರಸೀದಿ.

ಇದು ಎಲ್ಲರಿಗೂ ಆಗುವ ಜಾಗ ಅಂತ ನಾನು ಹೇಳುವುದಿಲ್ಲ. ಪ್ಲೈವುಡ್ ಗೋಡೆಯಾಚೆ ಕೆಮ್ಮಿದರೂ ಕೇಳುತ್ತದೆ. ಮೆಟ್ಟಿಲು ಕಡಿದಾಗಿವೆ, ವಯಸ್ಸಾದವರಿಗೆ ಕಷ್ಟ. ಎಳೆ ಮಗು ಜೊತೆಗಿದ್ದರೆ ನೀರಿನ ಲೆಕ್ಕ ಹೊಂದುವುದಿಲ್ಲ. ಮಾರ್ಚ್ ದಾಟಿತೆಂದರೆ ತಾರಸಿ ಕೆಳಗಿನ ರೂಮುಗಳು ರಾತ್ರಿಯೂ ಬಿಸಿಯಾಗೇ ಇರುತ್ತವೆ, ಆಗ ನಾನೂ ಹೋಗುವುದಿಲ್ಲ. ನವೆಂಬರಿನಿಂದ ಫೆಬ್ರವರಿಯೊಳಗೆ, ಒಬ್ಬರೋ ಇಬ್ಬರೋ, ಬೆಳಿಗ್ಗೆ ಬೇಗ ಏಳುವವರು ಹೋಗಿ. ಕಂಬದ ರೂಮು ಖಾಲಿ ಇದ್ದರೆ ಅದನ್ನೇ ಕೇಳಿ.