ಬ್ಯಾಗಿನಲ್ಲಿ ಹದಿಮೂರೇ ಕ್ಲಬ್: ಗ್ಯಾಪ್ ತುಂಬಿದ ನನ್ನ ಅನುಭವ

ಈಗ ನನ್ನ ಗಾಲ್ಫ್ ಬ್ಯಾಗಿನಲ್ಲಿ ದೂರಕ್ಕೆ ಹೊಡೆಯುವ 3 ವುಡ್ ಇಲ್ಲ. 4 ಐರನ್ ಇಲ್ಲ, 5 ಐರನ್ ಕೂಡ ಇಲ್ಲ. ಬದಲಿಗೆ 7 ವುಡ್ ಇದೆ, ಹತ್ತಿರದ ಶಾಟ್‌ಗೆ ಬಳಸುವ ವೆಜ್‌ಗಳೇ ನಾಲ್ಕಿವೆ. ಶುರುವಿನಲ್ಲಿ ಜೊತೆಗೆ ಆಡುವ ನಮ್ಮ ಫೋರ್‌ಬಾಲ್‌ನವರು ಇದನ್ನು ನೋಡಿ ತಲೆ ಅಲ್ಲಾಡಿಸಿದರು. "17 ಹ್ಯಾಂಡಿಕ್ಯಾಪ್‌ಗೆ ನಾಲ್ಕು ವೆಜ್ ಯಾಕ್ರೀ? ಮೊದಲು ಲೆಸನ್ ತಗೊಳ್ಳಿ" ಅಂದರು. ಒಂದೂವರೆ ವರ್ಷ ಆಗಿರಬೇಕು. ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಸಂಖ್ಯೆ, ಕಡಿಮೆಯಾದಷ್ಟೂ ಒಳ್ಳೇದು) 13ರ ಹತ್ತಿರ ಬಂದಿದೆ. ಲೆಸನ್ ಒಂದೂ ತಗೊಂಡಿಲ್ಲ, ಸ್ವಿಂಗ್ ಅದೇ ಹಳೇದು. ಅವತ್ತು ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಈಗ 7 ವುಡ್ ಹುಡುಕುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಡುವುದು ಮೈಸೂರಿನಲ್ಲಿ. ಡ್ರೈವರ್ ಕ್ಯಾರಿ (ಬಾಲ್ ನೆಲಕ್ಕೆ ಬೀಳುವವರೆಗೆ ಹಾರುವ ದೂರ) 200 ಯಾರ್ಡ್ ಆಸುಪಾಸು, 7 ಐರನ್ 140. 230 ಕ್ಯಾರಿ ಮಾಡುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ನನ್ನ ಹಾಗೆ ನಿಧಾನಕ್ಕೆ ಹೊಡೆಯುವವರಿಗೆ ಮಾತ್ರ ಇದು.

ಮೊದಲು ಇದ್ದದ್ದು 11 ಕ್ಲಬ್. ಡ್ರೈವರ್, 3 ವುಡ್, 4ರಿಂದ ಪಿಚಿಂಗ್ ವೆಜ್‌ವರೆಗೆ ಐರನ್, 56 ಡಿಗ್ರಿ ಲಾಫ್ಟ್‌ನ (ಕ್ಲಬ್ ಮುಖದ ಓರೆ) ಸ್ಯಾಂಡ್ ವೆಜ್, ಪಟರ್. 14 ಕ್ಲಬ್‌ವರೆಗೆ ಇಟ್ಟುಕೊಳ್ಳಬಹುದು, ಅಂದರೆ ಮೂರು ಜಾಗ ಖಾಲಿ. ಅಂಗಡಿಗೆ ಹೋದರೆ ಸೀದಾ ಉತ್ತರ ಸಿಗುತ್ತದೆ: ಒಂದು ಹೈಬ್ರಿಡ್ (ವುಡ್, ಐರನ್ ಎರಡರ ಬೆರಕೆ), 52 ಡಿಗ್ರಿ ವೆಜ್ ಒಂದು, 60ರದ್ದು ಒಂದು. ನನಗೂ ಅದನ್ನೇ ಹೇಳಿದರು. 14 ಅನ್ನುವ ಸಂಖ್ಯೆ 1938ರಲ್ಲಿ ಅಮೆರಿಕದವರು, ಮರುವರ್ಷ ಬ್ರಿಟನ್‌ನವರು ಹಾಕಿದ ಮಿತಿ, ಅಷ್ಟೇ. ಅಷ್ಟೂ ತುಂಬಲೇಬೇಕು ಅಂತ ಎಲ್ಲೂ ಇಲ್ಲ. ಯಾವ ಗ್ಯಾಪ್ (ಒಂದು ಕ್ಲಬ್‌ಗೂ ಮುಂದಿನದಕ್ಕೂ ಇರುವ ದೂರದ ಅಂತರ) ನಿಜವಾಗಿ ಕಾಡುತ್ತಿದೆ ಅಂತ ಮೊದಲು ತಿಳಿಯಬೇಕಲ್ವಾ?

ಅದಕ್ಕೆ ನಾನು ಮಾಡಿದ್ದು ಇಷ್ಟು. ಸ್ಕೋರ್ ಕಾರ್ಡ್‌ನ ಹಿಂಭಾಗದಲ್ಲಿ ಪ್ರತಿ ಶಾಟ್‌ಗೂ ಉಳಿದ ದೂರ ಮತ್ತು ಕ್ಲಬ್ ನಂಬರ್ ಗೀಚಿಕೊಂಡೆ. ಒಂದು ಮಳೆಗಾಲ, ಒಂದು ಚಳಿಗಾಲ ಹೀಗೇ ನಡೆಯಿತು. ಕಾರ್ಡ್‌ಗಳನ್ನು ಹರಡಿಕೊಂಡು ಕೂತಾಗ ಎರಡು ರಾಶಿ ಕಾಣಿಸಿತು. ಒಂದು 150ರಿಂದ 175 ಯಾರ್ಡ್, ಅಂದರೆ ಉದ್ದದ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಮತ್ತು ಪಾರ್ 4ರ ಎರಡನೇ ಶಾಟ್. ಇನ್ನೊಂದು 60ರಿಂದ 100. ಪಟ್ ಬಿಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ಶಾಟ್ 110ರ ಒಳಗೇ ಇದ್ದವು. ಫೇರ್‌ವೇಯಿಂದ 3 ವುಡ್ ಹೊಡೆದದ್ದು ಒಂದು ರೌಂಡ್‌ನಲ್ಲಿ ಎರಡೋ ಮೂರೋ ಸಲ. ಅದರಲ್ಲಿ ಸರಿಯಾಗಿ ಎದ್ದದ್ದು ಒಂದು. ಎಲ್ಲಾ ಗ್ಯಾಪ್ ಒಂದೇ ಅಳತೆಗೆ ತರುವ ಯೋಚನೆಯನ್ನು ಆವತ್ತೇ ಬಿಟ್ಟೆ. ಬಾಲ್ ಎಲ್ಲಿ ಬಿದ್ದಿರುತ್ತದೋ ಅಲ್ಲಿ ಮಾತ್ರ ಗ್ಯಾಪ್ ಚಿಕ್ಕದಿದ್ದರೆ ಸಾಕು.

ಇನ್ನು ಅಳತೆ. ಬೆಂಗಳೂರಿಗೆ ಹೋದಾಗ ಒಂದು ಸಿಮ್ಯುಲೇಟರ್‌ನಲ್ಲಿ ಹೊಡೆದು ನೋಡಿದೆ. ಗಂಟೆಗೆ ಸಾವಿರದ ಇನ್ನೂರೋ ಮುನ್ನೂರೋ ತಗೊಂಡರು. ಅಲ್ಲಿ 5 ಐರನ್ 172 ತೋರಿಸಿತು. ಕೋರ್ಸ್‌ನಲ್ಲಿ ಅದು ಯಾವತ್ತೂ 160 ದಾಟಿಲ್ಲ. ಮ್ಯಾಟ್ ಮೇಲೆ ಬಾಲ್‌ಗಿಂತ ಹಿಂದೆ ತಗುಲಿದರೂ ಕ್ಲಬ್ ಜಾರಿಕೊಂಡು ಹೋಗಿ ಬಾಲ್‌ಗೆ ಸಿಗುತ್ತದೆ, ಹುಲ್ಲಿನಲ್ಲಿ ಅದು ನಡೆಯುವುದಿಲ್ಲ. ಪ್ರಾಕ್ಟೀಸ್ ರೇಂಜ್‌ನಲ್ಲಿ ಹೊಡೆದರೆ ಇನ್ನೊಂದು ಕಥೆ, ಸವೆದ ರೇಂಜ್ ಬಾಲ್ ಹತ್ತು ಯಾರ್ಡ್ ಕಡಿಮೆಯೇ ಹೋಗುತ್ತದೆ. ಎರಡೂ ಕಡೆಯ ದುಡ್ಡು ದಂಡ.

ಕೊನೆಗೆ ಕೆಲಸಕ್ಕೆ ಬಂದದ್ದು ಇಬ್ಬನಿ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ನಮ್ಮಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಕೂತಿರುತ್ತದೆ. ಬಾಲ್ ಬಿದ್ದ ಕಡೆ ಗುರುತು ಹಾಗೇ ಉಳಿಯುತ್ತದೆ, ಅಲ್ಲಿಂದ ಉರುಳಿದ ಗೆರೆ ಬೇರೆಯಾಗಿ ಕಾಣುತ್ತದೆ. ಕ್ಯಾರಿ ಎಷ್ಟು, ರನ್ ಎಷ್ಟು ಅಂತ ನೆಲವೇ ಬರೆದು ಕೊಡುತ್ತದೆ. ನಾನು ಯಾವಾಗಲೂ ಬ್ಯಾಗ್ ಹೊರಲು ಕರೆದುಕೊಳ್ಳುವ ಕ್ಯಾಡಿಗೆ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು, ಸಣ್ಣ ಬಾವುಟ ಹಿಡಿದು ಆ ಕಡೆ ನಿಲ್ಲಿಸಿದೆ. ನಾನು ಈ ಕಡೆಯಿಂದ ಲೇಸರ್‌ನಲ್ಲಿ ಬಾವುಟ ಅಳೆದೆ. ಬಾಲ್ ನಾನು ಆಡುವವೇ. ಪ್ರತಿ ಕ್ಲಬ್‌ಗೂ ಹತ್ತು ಹೊಡೆದು, ಚೆನ್ನಾಗಿ ಹೋದ ಎರಡು, ಕೆಟ್ಟ ಎರಡು ಬಿಟ್ಟು ಉಳಿದ ಆರರ ಸರಾಸರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಯಾವತ್ತೋ ಒಂದು ದಿನ ಹೋದ 155 ಅನ್ನೇ 7 ಐರನ್ ದೂರ ಅಂತ ಹೇಳಿಕೊಳ್ಳುತ್ತಾರೆ.

ಕ್ಯಾಡಿಗಳ ಕಣ್ಣನ್ನು ನಾನು ಮೆಷಿನ್‌ಗಿಂತ ಹೆಚ್ಚು ನಂಬುತ್ತೇನೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿ ಆಗಿದ್ದವರೇ ತಾನೇ. ನಮ್ಮ ಹುಡುಗ ಎರಡನೇ ದಿನವೇ ಹೇಳಿದ, "ಸಾರ್, ನಿಮ್ಮ ಎಂಟು ನಂಬರ್, ಒಂಬತ್ತು ನಂಬರ್ ಎರಡೂ ಒಂದೇ ಕಡೆ ಬೀಳ್ತಾವೆ."

ನಿಜವೇ ಆಗಿತ್ತು. 7 ಐರನ್ 140, 8 ಐರನ್ 124, 9 ಐರನ್ 119. ಬೆಂಗಳೂರಿನಲ್ಲಿ ಕ್ಲಬ್ ರಿಪೇರಿ ಮಾಡುವ ಒಬ್ಬರ ಹತ್ತಿರ ಲಾಫ್ಟ್ ಮೆಷಿನ್ ಇದೆ, ತಗೊಂಡು ಹೋದೆ. ಸೆಟ್‌ನ ಲೆಕ್ಕದಲ್ಲಿ 8ಕ್ಕೆ ಮೂವತ್ತಮೂರೂವರೆ ಡಿಗ್ರಿ, 9ಕ್ಕೆ 38 ಇರಬೇಕು. ಮೆಷಿನ್‌ನಲ್ಲಿ 8 ಐರನ್ 35, 9 ಐರನ್ 37 ಬಂತು. ಹೊಸದಾಗಿ, ಪೂರ್ತಿ ಬೆಲೆ ಕೊಟ್ಟು ತಗೊಂಡ ಸೆಟ್ ಅದು. ಬಗ್ಗಿಸಲು ತಲಾ ಐನೂರು ರೂಪಾಯಿ. ಎರಕದ ತಲೆ ಆದ್ದರಿಂದ ಎರಡು ಡಿಗ್ರಿಗಿಂತ ಜಾಸ್ತಿ ಬಗ್ಗಿಸುವುದಿಲ್ಲ, ಮುರಿದರೆ ನಾನು ಜವಾಬ್ದಾರನಲ್ಲ ಅಂತ ಮೊದಲೇ ಹೇಳಿದರು. ಮುರಿಯಲಿಲ್ಲ. ಈಗ 140, 129, 117. ಸಾವಿರ ರೂಪಾಯಿಗೆ ಗ್ಯಾಪ್ ಹೋಯಿತು. ಹೊಸ ಕ್ಲಬ್ ಕೊಳ್ಳುವ ಮೊದಲು ಇರುವುದನ್ನೆಲ್ಲ ಒಮ್ಮೆ ಮೆಷಿನ್ ಮೇಲೆ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ವೆಜ್‌ಗಳಲ್ಲಿ ದುಡ್ಡು ಹೆಚ್ಚು ಹೋಯಿತು. ನನ್ನ ಪಿಚಿಂಗ್ ವೆಜ್ 43 ಡಿಗ್ರಿ. ಈಗಿನ ಹೆಚ್ಚಿನ ಸೆಟ್‌ಗಳು ಹೀಗೇ, ಹಳೇ ಕಾಲದ 9 ಐರನ್‌ಗೆ ಪಿಚಿಂಗ್ ವೆಜ್ ಅಂತ ಹೆಸರು. ಅದು 105 ಹೋದರೆ 56 ಹೋಗುವುದು 72. ನಡುವೆ ಮೂವತ್ತಮೂರು ಯಾರ್ಡ್ ಬಯಲು. ಅಂಗಡಿಯವರ ಮಾತಿನಂತೆ ಹೊಸ 52 ತಗೊಂಡೆ, ಹದಿಮೂರು ಸಾವಿರ. ಅದು 84ಕ್ಕೆ ಬಿತ್ತು. ಅಂದರೆ 105ರ ಕೆಳಗಿನ ದೊಡ್ಡ ಗ್ಯಾಪ್ ಹಾಗೇ ಉಳಿಯಿತು. 60 ಡಿಗ್ರಿಯದ್ದೂ ತಗೊಂಡೆ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ನೆಲ ಕಲ್ಲಿನಂತೆ ಗಟ್ಟಿ. ಅದರ ಬೌನ್ಸ್‌ಗೆ (ಕ್ಲಬ್ ತಳದ ಉಬ್ಬಿಗೆ) ಅದು ನೆಲ ಬಡಿದು ಎಗರಿ ಬಾಲ್‌ನ ನೆತ್ತಿಗೆ ತಗುಲುತ್ತಿತ್ತು. ಎರಡನ್ನೂ ಅರ್ಧ ಬೆಲೆಗೆ ಮಾರಿದೆ.

ಆಮೇಲೆ 43ರಿಂದ ಮೇಲಕ್ಕೆ ಐದೈದು ಡಿಗ್ರಿ ಏರಿಸಿಕೊಂಡು ಹೋದೆ: 48, 53, 58. 48 ಮಾತ್ರ ಅದೇ ಸೆಟ್‌ನದ್ದೇ ಆಗಬೇಕಿತ್ತು, ಏಕೆಂದರೆ ಅದನ್ನು ಹೆಚ್ಚಾಗಿ ಪೂರ್ತಿ ಸ್ವಿಂಗ್‌ನಲ್ಲೇ ಹೊಡೆಯುತ್ತೇನೆ. ಒಂಟಿಯಾಗಿ ಸಿಗುವುದು ಕಷ್ಟ. ತಿಂಗಳುಗಟ್ಟಲೆ ಕಾದು ಸೆಕೆಂಡ್ ಹ್ಯಾಂಡ್ ಒಂದು ನಾಲ್ಕೂವರೆ ಸಾವಿರಕ್ಕೆ ಹಿಡಿದೆ. 53 ಸಿಗುವುದು ಅಪರೂಪ. 54 ತಗೊಂಡು ಒಂದು ಡಿಗ್ರಿ ಬಗ್ಗಿಸಿದೆ. ಹಾಗೆ ಲಾಫ್ಟ್ ಕಡಿಮೆ ಮಾಡಿದರೆ ಬೌನ್ಸ್ ಕೂಡ ಅಷ್ಟೇ ಇಳಿಯುತ್ತದೆ, ನೆನಪಿರಲಿ. ನನ್ನದು 14 ಇದ್ದದ್ದು 13 ಆಯಿತು, ನಮ್ಮ ಬಂಕರ್‌ಗೆ ಅದೇ ಸರಿ ಹೋಯಿತು. 58 ಎರಡಿವೆ. ಬೇಸಿಗೆಗೆ 8 ಬೌನ್ಸ್‌ನದ್ದು, ಜೂನ್ ಮಳೆ ಹಿಡಿದ ಮೇಲೆ 12ರದ್ದು. ಒಂದು ಬ್ಯಾಗಿನಲ್ಲಿ, ಒಂದು ಮನೆಯಲ್ಲಿ. ಈಗ ಅಳತೆ 105, 93, 81, 66. ಪೂರ್ತಿ ಸ್ವಿಂಗ್‌ಗಿಂತ ಅರ್ಧ ಸ್ವಿಂಗ್‌ನಲ್ಲೇ ಇವು ಜಾಸ್ತಿ ದುಡಿಯುತ್ತವೆ. ಅರ್ಧ ಸ್ವಿಂಗ್‌ಗೆ ಗ್ರಿಪ್ ಮೇಲೆ ನಾನು ಮಾಡಿಕೊಂಡ ಗುರುತೊಂದಿದೆ. ಅದನ್ನು ಮಾತ್ರ ಹೇಳುವುದಿಲ್ಲ, ಜೊತೆಯಲ್ಲಿ ಬಾಜಿ ಕಟ್ಟಿ ಆಡುವವರೂ ಇದನ್ನು ಓದುತ್ತಾರೆ.

ಉದ್ದದ ಕಡೆಗೆ ಬರೋಣ. 6 ಐರನ್ 149, 5 ಐರನ್ 157, 4 ಐರನ್ 159. ನಿಧಾನದ ಸ್ವಿಂಗ್‌ಗೆ ಕಡಿಮೆ ಲಾಫ್ಟ್ ಕೊಟ್ಟರೆ ಬಾಲ್ ಏಳುವುದೇ ಇಲ್ಲ, ಹಾಗಾಗಿ ಲಾಫ್ಟ್ ಇಳಿಸಿದರೂ ಕ್ಯಾರಿ ಹೆಚ್ಚುವುದಿಲ್ಲ. ಗ್ರೀನ್‌ಗೆ (ಗುಂಡಿಯ ಸುತ್ತಲಿನ ನುಣ್ಣನೆ ಹುಲ್ಲು) ಬಿದ್ದರೂ ನಿಲ್ಲುವುದಿಲ್ಲ. 5 ಹೈಬ್ರಿಡ್ ಬಂತು, 25 ಡಿಗ್ರಿ, ಅದು 158, ಎತ್ತರಕ್ಕೆ ಹೋಗಿ ಬೀಳುತ್ತದೆ. ಆಮೇಲೆ 21 ಡಿಗ್ರಿಯ 7 ವುಡ್, ಅದು 170. ಸೆಕೆಂಡ್ ಹ್ಯಾಂಡ್, ಹನ್ನೊಂದು ಸಾವಿರ ಕೊಟ್ಟ ನೆನಪು. ನನ್ನ ಹ್ಯಾಂಡಿಕ್ಯಾಪ್ ಇಳಿಸಿದ ಕ್ಲಬ್ ಯಾವುದು ಅಂದರೆ ಇದೇ. ರಫ್‌ನ ಉದ್ದ ಹುಲ್ಲಿನಿಂದಲೂ ಎದ್ದು ಬರುತ್ತದೆ.

"ಅದು ವಯಸ್ಸಾದವರ ಕ್ಲಬ್" ಅಂತ ಛೇಡಿಸುವವರು ಇನ್ನೂ ಇದ್ದಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಡ್ರೈವ್ ದೂರದಲ್ಲಿ ಅಲ್ಲಿದ್ದವರ ಪೈಕಿ ಕೊನೆಯ ಸಾಲಿನಲ್ಲಿದ್ದರು. ಬೇರೆಯವರು ಐರನ್ ಹಿಡಿಯುವ ಕಡೆ ಉದ್ದದ ಕ್ಲಬ್ ಹಿಡಿದು ಗ್ರೀನ್‌ಗೆ ಇಳಿಸಿ, ಪಟ್ ಹಾಕಿ ಪದಕದ ಬಾಗಿಲವರೆಗೆ ಹೋದರು. ಅಷ್ಟು ಸಾಕು ನನಗೆ.

3 ವುಡ್ ಜಾಗಕ್ಕೆ 18 ಡಿಗ್ರಿಯ 5 ವುಡ್. ಮೊದಲು ಆನ್‌ಲೈನ್‌ನಲ್ಲಿ ಒಬ್ಬರಿಂದ ಎಂಟು ಸಾವಿರಕ್ಕೆ ಬಂದದ್ದು ನಕಲಿ. ಅಕ್ಷರದ ಬಣ್ಣ ಉಗುರಿಗೇ ಎದ್ದು ಬಂತು. ತಳದಲ್ಲಿ 18 ಅಂತಿದ್ದರೂ ಅಳೆದರೆ 16 ಡಿಗ್ರಿ. ದುಡ್ಡು ವಾಪಸ್ ಬರಲಿಲ್ಲ. ಎರಡನೆಯದನ್ನು ಕೈಯಲ್ಲಿ ಹಿಡಿದು, ಸೀರಿಯಲ್ ನಂಬರ್ ನೋಡಿ ತಗೊಂಡೆ. ಕ್ಯಾರಿ 182. ಹಳೇ 3 ವುಡ್ ಚೆನ್ನಾಗಿ ಸಿಕ್ಕಾಗಲೂ 180ರ ಮೇಲೆ ಹೋದದ್ದು ಅಪರೂಪ.

ನಡುವೆ ಒಂದು ಸಣ್ಣ ಪ್ರಯೋಗ. ಮಂಗಳೂರಿನ ಪಿಲಿಕುಳದಲ್ಲಿ ಆಡಿದಾಗ ಇದೇ 7 ಐರನ್ ನಾಲ್ಕೈದು ಯಾರ್ಡ್ ಕಡಿಮೆ ಹೋಯಿತು. ಅಲ್ಲಿಯವರು ಒದ್ದೆ ಗಾಳಿ ಭಾರ ಅಂದರು. ಅದು ಹಾಗಲ್ಲ. ತೇವ ಹೆಚ್ಚಿದ್ದರೆ ಗಾಳಿ ಸ್ವಲ್ಪ ಹಗುರವೇ ಆಗುತ್ತದೆ. ಮೈಸೂರು ಸಮುದ್ರ ಮಟ್ಟಕ್ಕಿಂತ ಏಳುನೂರೈವತ್ತು ಮೀಟರ್‌ಗೂ ಎತ್ತರ, ಇಲ್ಲಿ ಗಾಳಿ ತೆಳು, ವ್ಯತ್ಯಾಸ ಅದರದ್ದು. ಖುಷಿಯ ವಿಷಯ ಏನೆಂದರೆ ಎಲ್ಲಾ ಕ್ಲಬ್‌ಗಳೂ ಒಟ್ಟಿಗೇ ಇಳಿದವು, ನಡುವಿನ ಗ್ಯಾಪ್ ಹೆಚ್ಚುಕಡಿಮೆ ಹಾಗೇ ಇತ್ತು. 7 ವುಡ್‌ಗೆ ಲೆಡ್ ಟೇಪ್ (ತೂಕಕ್ಕೆ ಅಂಟಿಸುವ ಸೀಸದ ಪಟ್ಟಿ) ಅಂಟಿಸಿಯೂ ನೋಡಿದೆ. ಎಡಕ್ಕೆ ಎಳೆಯುತ್ತಿದ್ದದ್ದು ನಿಂತಿತು. ಎಲ್ಲಿ, ಎಷ್ಟು ಗ್ರಾಂ ಅನ್ನುವುದು ನನ್ನ ಹತ್ತಿರವೇ ಇರಲಿ.

ಮಾರಿದ್ದನ್ನು ಕಳೆದು ಒಟ್ಟು ಖರ್ಚು ಮೂವತ್ತೈದು ಸಾವಿರದ ಹತ್ತಿರ. ಅದರಲ್ಲಿ 52, 60 ಮತ್ತು ಆ ನಕಲಿ ಸೇರಿ ಇಪ್ಪತ್ತು ಸಾವಿರ ನೀರಿಗೆ. ಹೊಸ ಐರನ್ ಸೆಟ್‌ಗೆ ಲಕ್ಷದ ಮೇಲೆ ಕೊಟ್ಟು ಅದೇ ಗ್ಯಾಪ್ ಇಟ್ಟುಕೊಂಡಿರುವವರನ್ನು ನೋಡಿದರೆ ಇದು ಕಡಿಮೆಯೇ.

ಹದಿನಾಲ್ಕನೇ ಜಾಗ ಖಾಲಿ ಇದೆ. ಮುಂದಿನ ಚಳಿಗಾಲಕ್ಕೆ 24 ಡಿಗ್ರಿಯ 9 ವುಡ್ ಒಂದನ್ನು ಎರವಲು ಕೇಳಿದ್ದೇನೆ. 5 ಹೈಬ್ರಿಡ್ ಜೊತೆ ಪಕ್ಕಪಕ್ಕ ಹೊಡೆದು ನೋಡುತ್ತೇನೆ. ಅದು ಗೆದ್ದರೆ ಹೈಬ್ರಿಡ್ ಮಾರಾಟಕ್ಕೆ: ರೆಗ್ಯುಲರ್ ಶಾಫ್ಟ್, ಗ್ರಿಪ್ ಹೊಸದು, ಆರು ಸಾವಿರ. ಚೌಕಾಸಿ ಇಲ್ಲ.