ಮೈಲೋಮಾ ಅಂತ ಹೊಸದಾಗಿ ಗೊತ್ತಾಗೇತೇನ್ರಿ? ಔಷಧದ ಕಾಂಬಿನೇಶನ್ ಹೋಲಿಸಿ ನೋಡೂದು ಹಿಂಗ

ಅಪ್ಪಗ ಮಲ್ಟಿಪಲ್ ಮೈಲೋಮಾ, ಅಂದ್ರ ಎಲುಬಿನ ಮಜ್ಜೆಯಾಗ ಆಗೂ ರಕ್ತದ ಕ್ಯಾನ್ಸರ್, ಅಂದಾಗ ಜಮಖಂಡಿಯಿಂದ ಬೆಳಗಾವಿಗೆ ಫೈಲ್ ಹಿಡಕೊಂಡು ಬಸ್ಸಿನ್ಯಾಗ ಅಡ್ಡಾಡಿದ್ದೆ, ಒಬ್ರು ಡಾಕ್ಟರ್ ವಿಸಿಡಿ ಅಂದ್ರು, ಇನ್ನೊಬ್ರು ವಿಆರ್‌ಡಿ, ಮುಂಬೈದಾಗ ನಾಕು ಔಷಧ ಬೇಕು ಅಂದ್ರು, ತಲಿ ಗಿರಗಿರ ತಿರಗಾಕ ಹತ್ತಿತ್ತು. ಈಗ ಯಾರರ ಫೋನ್ ಮಾಡಿದ್ರ ನಾ ಮೊದಲ ಕೇಳೂದು ಒಂದ: ಟ್ರಾನ್ಸ್‌ಪ್ಲಾಂಟ್ (ಪೇಷಂಟಿನವ ಸ್ಟೆಮ್ ಸೆಲ್, ಅಂದ್ರ ರಕ್ತ ಹುಟ್ಟಿಸೋ ಕಣ, ತಗದಿಟ್ಟು ಜೋರ ಕೀಮೋ ಆದ ಮ್ಯಾಲೆ ತಿರಗಿ ಹಾಕೂದು) ಆಗತೈತಿ ಅಂದಾರೋ ಇಲ್ಲೋ?

ಮೊದಲ ಈ ಹೆಸರಿನ ಅಕ್ಷರ ಬಿಡಿಸಿಕೋರಿ. ವಿ ಅಂದ್ರ ಬೋರ್ಟೆಜೊಮಿಬ್ ಸೂಜಿ, ಆರ್ ಅಂದ್ರ ಲೆನಾಲಿಡೊಮೈಡ್ ಗುಳಿಗಿ, ಸಿ ಸೈಕ್ಲೋಫಾಸ್ಫಮೈಡ್, ಕೆ ಕಾರ್ಫಿಲ್ಜೊಮಿಬ್, ಕೊನಿ ಡಿ ಡೆಕ್ಸಾ ಸ್ಟೀರಾಯ್ಡ್, ಮುಂದ ಡಿ ಬಂದ್ರ ಡಾರಾಟುಮುಮ್ಯಾಬ್ (ಡಾರಾ).

ಇನ್ನ ನಂಬರ್, ಅಂದ್ರ ಪೇಷಂಟರ ಮ್ಯಾಲೆ ಮಾಡಿದ ಔಷಧ ಪರೀಕ್ಷೆ (ಟ್ರಯಲ್) ಏನ ಹೇಳತಾವ ಅಂತ. ಎಸ್0777 ಟ್ರಯಲ್‌ದಾಗ ಬರೇ ಆರ್‌ಡಿ ತಗೊಂಡವರಿಗೆ ರೋಗ ತಿರಗಿ ಏಳದ ಇದ್ದದ್ದು ಮಧ್ಯಮ ಲೆಕ್ಕದಾಗ 30 ತಿಂಗಳು, ವಿ ಕೂಡಿಸಿದ್ರ 43. ಟ್ರಾನ್ಸ್‌ಪ್ಲಾಂಟ್ ಆಗದವರ ಮ್ಯಾಲೆ ಮಾಡಿದ ಮಾಯಾ ಟ್ರಯಲ್‌ದಾಗ ಆರ್‌ಡಿಗೆ 34.4, ಡಾರಾ ಕೂಡಿಸಿದಾಗ 61.9 ತಿಂಗಳು. 61.9 ನೋಡಿ 43 ಸಣ್ಣದು ಅಂತ ಹೇಳಬ್ಯಾಡ್ರಿ, ಯಾಕಂದ್ರ ಅದ ಆರ್‌ಡಿನ ಒಂದರಾಗ 30, ಇನ್ನೊಂದರಾಗ 34.4 ಬಂದೈತಿ ನೋಡ್ರಿ, ಔಷಧ ಅದ, ಮಂದಿ ಬ್ಯಾರೆ. ಒಂದ ಟ್ರಯಲ್‌ದಾಗಿನ ಎರಡು ಗುಂಪಷ್ಟ ಹೋಲಿಸಬೇಕು. ಟ್ರಾನ್ಸ್‌ಪ್ಲಾಂಟ್ ಆಗೂವರಿಗೆ 2024ರಾಗ ಬಂದ ಪರ್ಸಿಯಸ್ ನೋಡ್ರಿ: ನಾಕು ವರ್ಷಕ್ಕ ರೋಗ ಹೆಚ್ಚಾಗದ ಉಳದವರು ಡಿ-ವಿಆರ್‌ಡಿಯೊಳಗ 84%, ವಿಆರ್‌ಡಿಯೊಳಗ 68%. ವಿ ತಗದು ಕೆ ಹಾಕಿದ್ರ ಭಾಳ ಛಲೋ ಅಂತ ಕೆಲವರು ಹೇಳತಾರ, ಆದ್ರ ಎಂಡ್ಯೂರೆನ್ಸ್ ಟ್ರಯಲ್‌ದಾಗ ಕೆಗೆ 34.6, ವಿಗೆ 34.4 ತಿಂಗಳು, ಅಂದ್ರ ಸಮಾ; ಕೆಯಿಂದ ನರದ ತ್ರಾಸ ಕಡಿಮಿ, ಹೃದಯ, ಶ್ವಾಸಕೋಶ, ಕಿಡ್ನಿ ತ್ರಾಸ ಜಾಸ್ತಿ.

ನನಗ ಕೇಳಿದ್ರ ಅರ್ಧ ನಿರ್ಧಾರ ಆಗೂದು ಪೇಷಂಟಿನ ಮೈಯಾಗ. ಕ್ರಿಯಾಟಿನಿನ್ (ಕಿಡ್ನಿ ಹೆಂಗ ನಡದೈತಿ ತೋರಿಸೋ ರಕ್ತದ ಟೆಸ್ಟ್) ಏರಿದ್ರ ಲೆನಾಲಿಡೊಮೈಡ್ ಡೋಸ್ ಇಳಸಬೇಕಾಗತೈತಿ, ಅದಕ್ಕ ಭಾಳ ಕಡೆ ವಿಸಿಡಿಯಿಂದ ಚಾಲೂ ಮಾಡಿ ಕಿಡ್ನಿ ಸುಧಾರಿಸಿದ ಮ್ಯಾಲೆ ಬದಲಿ ಮಾಡತಾರ. ಅಪ್ಪಗ ಹಂಗ ಆತು. ಸೊಂಟನೋವಿಗೆ ತಿಂಗಳಗಟ್ಟಲೆ ಡೈಕ್ಲೋಫೆನಾಕ್ ನುಂಗಿದ್ದ ಪಾಪ, ಮೈಲೋಮಾದಾಗ ಅಂಥಾ ನೋವಿನ ಗುಳಿಗಿ ಕಿಡ್ನಿಗೆ ಕೆಡಕು, ದಯವಿಟ್ಟು ಇವತ್ತ ಡಾಕ್ಟರಿಗೆ ಹೇಳಿ ನಿಲ್ಲಸ್ರಿ.

ನರದ ಮಾತು ಮರೀಬ್ಯಾಡ್ರಿ, ಬೋರ್ಟೆಜೊಮಿಬ್‌ದಿಂದ ಕೈಕಾಲು ಜೋಮು ಹಿಡೀತಾವ. ಒಂದಿನ ಅಪ್ಪ ಅಂಗಳ ದಾಟಿ ಬಂದ, ಒಂದು ಚಪ್ಪಲಿ ಹಿಂದ ಬಿದ್ದಿತ್ತು, ಕಾಲಾಗಿಂದ ಜಾರಿದ್ದ ಅವಂಗ ಗೊತ್ತಿಲ್ಲ. ಅವತ್ತ ಫೋನ್ ಮಾಡಿದ್ವಿ, ವಾರಕ್ಕ ಎರಡಿದ್ದ ಬೋರ್ಟೆಜೊಮಿಬ್ ಒಂದಾತು. ವಾರಕ್ಕೊಮ್ಮೆ, ಅದೂ ರಕ್ತನಾಳಕ್ಕಲ್ಲ ಚರ್ಮದ ಕೆಳಗ ಕೊಟ್ರ ನರಕ್ಕ ತ್ರಾಸ ಕಡಿಮಿ, ಮೊದಲ ಸೂಜಿಗಿಂತ ಮುಂಚೇನ ಕೇಳ್ರಿ. ಸಕ್ಕರಿ ಕಾಯಿಲೆ ಇದ್ದವರಿಗೆ ಡೆಕ್ಸಾ ದಿನ ಶುಗರ್ ಜಿಗೀತೈತಿ, ಅದನ್ನ ಮುಂಜಾನೆ ತಗೊಂಡ್ರ ರಾತ್ರಿ ನಿದ್ದಿ ಅಷ್ಟರ ಬರತೈತಿ. ಜೋಡಿ ಬರೋ ಸಣ್ಣ ಗುಳಿಗಿ, ಅಂದ್ರ ಬೋರ್ಟೆಜೊಮಿಬ್ ಇದ್ದಾಗ ಸರ್ಪಸುತ್ತು ಬರದಂಗ ಅಸೈಕ್ಲೋವಿರ್, ಲೆನಾಲಿಡೊಮೈಡ್ ಇದ್ದಾಗ ರಕ್ತ ಹೆಪ್ಪುಗಟ್ಟದಂಗ ಆಸ್ಪಿರಿನ್ ಅಥವಾ ಬ್ಯಾರೆ ಔಷಧ, ಚೀಟಿಯೊಳಗ ಅದಾವೋ ಇಲ್ಲೋ ನೋಡ್ರಿ.

ರೊಕ್ಕ. ಬೋರ್ಟೆಜೊಮಿಬ್, ಲೆನಾಲಿಡೊಮೈಡ್ ಎರಡಕ್ಕೂ ನಮ್ಮಲ್ಲಿ ಜೆನೆರಿಕ್ ಸಿಗತಾವ, ಡಾರಾ ಮಾತ್ರ ಭಾಳ ದುಬಾರಿ. ನಾಕು ಔಷಧ ಚಾಲೂ ಮಾಡಿ ಎರಡು ತಿಂಗಳಿಗೆ ಕೈ ಖಾಲಿ ಆಗೂದಕ್ಕಿಂತ ಮೂರು ಔಷಧ ಪೂರಾ ಮುಗಸೂದು ಛಲೋ ಅಂತ ನನಗ ಅನಸತೈತಿ. ಆಯುಷ್ಮಾನ್ ಕಾರ್ಡಿನ್ಯಾಗ ಯಾವ ಔಷಧ ಬರತಾವ ಅಂತ ಆಸ್ಪತ್ರಿ ಕೌಂಟರ್‌ದಾಗ ಮೊದಲ ಬರಿಸಿಕೋರಿ. ಟ್ರಾನ್ಸ್‌ಪ್ಲಾಂಟ್ ಯೋಚನಿ ಇದ್ರ ಸ್ಟೆಮ್ ಸೆಲ್ ಯಾವಾಗ ತಗೀತೀರಿ ಅಂತನೂ ಕೇಳ್ರಿ, ಲೆನಾಲಿಡೊಮೈಡ್ ಭಾಳ ದಿನ ಆದ ಮ್ಯಾಲೆ ಸೆಲ್ ಸಿಗೂದು ಕಷ್ಟ ಆಗಬಹುದು.

ಡಾರಾ ಚಾಲೂ ಆಗೂದಿದ್ರ ಅದಕ್ಕೂ ಮೊದಲ ಬ್ಲಡ್ ಗ್ರೂಪಿಂಗ್, ಆಂಟಿಬಾಡಿ ಟೆಸ್ಟ್ ಮಾಡಿಸಿಬಿಡ್ರಿ, ಆಮ್ಯಾಲ ರಕ್ತದ ಮ್ಯಾಚಿಂಗ್ ಗೊಂದಲ ಆಗತೈತಿ. ಈ ಔಷಧ ತಗೊಳಾಕ ಹತ್ತೇನಿ ಅಂತ ಒಂದು ಚೀಟಿ ಬರದು ಪೇಷಂಟಿನ ಅಂಗಿ ಕಿಸೆದಾಗ ಇಡ್ರಿ.