ಘಾಟಿಯ ನಾಕಿಂಗ್ ಮತ್ತು ಕಿವಿ ಮಂದವಾದ ಇಸಿಎಂ

ಡಬ್ಬದಲ್ಲಿ ನಾಲ್ಕು ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಸಿಕ್ಕಿದ ಕೂಡಲೇ ಶುರು, ದೋಣಿಗಾಲ್ ಬರುವ ತನಕ ಬಿಡುವುದಿಲ್ಲ. ಹಾಸನದ ನನ್ನ ಗ್ಯಾರೇಜಿಗೆ ಬಂದ ಮೇಷ್ಟ್ರು ಹೇಳಿದ್ದು ಇಷ್ಟು. ನಿವೃತ್ತರಾದ ಮೇಲೆ ತಿಂಗಳಿಗೆರಡು ಸಲ ಪುತ್ತೂರಿನ ಮಗಳ ಮನೆಗೆ ಹೋಗಿ ಬರುತ್ತಾರೆ. ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿದ್ದು 92,000 ಕಿಲೋಮೀಟರ್. ನನ್ನ ಹತ್ತಿರ ಬರುವ ಮೊದಲೇ ಬೇರೆ ಕಡೆ ಪ್ಲಗ್, ಕಾಯಿಲ್, ನಾಕ್ ಸೆನ್ಸರ್ ಎಲ್ಲ ಬದಲಾಗಿದ್ದವು. ಸೆನ್ಸರ್ ಅಂತೂ ಎರಡು ಸಲ. ಸದ್ದು ಮಾತ್ರ ಹಾಗೇ ಇತ್ತು.

ಇಂಜಿನ್ ಸದ್ದು ಅಂದ ತಕ್ಷಣ ಅದು ಯಾವ ಸದ್ದು ಅಂತ ಬೇರೆ ಮಾಡಿಕೊಳ್ಳಬೇಕು. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ದರೆ ಸದ್ದು ಭಾರವಾಗಿರುತ್ತದೆ, ಆಯಿಲ್ ಪ್ರೆಶರ್ ಕೂಡ ಸಾಮಾನ್ಯವಾಗಿ ಬಿದ್ದಿರುತ್ತದೆ. ಟ್ಯಾಪೆಟ್ ಆದರೆ ಸುಮ್ನೆ ನಿಂತಾಗಲೂ ಟಿಕ್ ಟಿಕ್ ಅನ್ನುತ್ತದೆ. ಇಲ್ಲಿ ಐಡ್ಲಿಂಗ್‌ನಲ್ಲಿ ಇಂಜಿನ್ ಸದ್ದಿಲ್ಲದೆ ಓಡುತ್ತಿತ್ತು. ಉದ್ದದ ಸ್ಕ್ರೂಡ್ರೈವರ್ ಹಿಡಿ ಕಿವಿಗೆ ಕೊಟ್ಟು ಬ್ಲಾಕ್ ಉದ್ದಕ್ಕೂ ಕೇಳಿದೆ, ಏನೂ ಇಲ್ಲ. ಲೋಡ್ ಬಿದ್ದಾಗ ಮಾತ್ರ ಬರುವ ಲೋಹದ ಕಿಣಿಕಿಣಿ ಅಂದರೆ ಅದು ಉರಿಯುವುದರಲ್ಲಿ ಇರುವ ತೊಂದರೆ. ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಮನಾಗಿ ಹರಡಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಗಾಳಿ ಬಿಸಿ, ಒತ್ತಡ ತಾಳದೆ ತಾನಾಗಿಯೇ ಹೊತ್ತಿಕೊಂಡರೆ ಅದೇ ನಾಕಿಂಗ್. ಬಿಟ್ಟರೆ ಪಿಸ್ಟನ್ ಅಂಚು ಒಡೆಯುತ್ತದೆ, ರಿಂಗ್ ಮುರಿಯುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿದೆ. ಮೂರನೇ ಸಿಲಿಂಡರಿನ ಪ್ಲಗ್ ಲೆನ್ಸ್ ಕೆಳಗೆ ಹಿಡಿದಾಗ ಎದೆ ಧಸಕ್ಕೆಂದಿತು. ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ. ಅದರ ನಡುವೆ ಎರಡು ಚುಕ್ಕೆ ಬೆಳಕಿಗೆ ಮಿಂಚುತ್ತಿದ್ದವು. ಅದು ಅಲ್ಯೂಮಿನಿಯಂ, ಪಿಸ್ಟನ್ನಿನದ್ದು. "ಮೇಷ್ಟ್ರೇ, ಇನ್ನು ಈ ಗಾಡೀಲಿ ಘಾಟಿ ಹತ್ತಬೇಡಿ, ಇಲ್ಲೇ ಬಿಟ್ಟು ಹೋಗಿ" ಅಂದೆ.

ಮಾಮೂಲಿ ಕಾರಣಗಳನ್ನು ನೋಡಲು ಒಂದೂವರೆ ದಿನ ಹಿಡಿಯಿತು. ಕಂಪ್ರೆಷನ್ ನಾಲ್ಕರಲ್ಲೂ 180ರಿಂದ 185 ಪಿಎಸ್‌ಐ, ಅಂದರೆ ಕಾರ್ಬನ್ ಕಟ್ಟಿ ಒತ್ತಡ ಏರಿಲ್ಲ. ಕ್ಯಾಮೆರಾ ಇಳಿಸಿ ನೋಡಿದರೂ ಪಿಸ್ಟನ್ ತಲೆ ಮೇಲೆ ತೆಳು ಮಸಿ ಅಷ್ಟೇ. ಪ್ಲಗ್ ಹೀಟ್ ರೇಂಜ್ ಸರಿ ಇತ್ತು. ಫ್ಯುಯೆಲ್ ಪ್ರೆಶರ್ ಸರಿ, ಫ್ಯುಯೆಲ್ ಟ್ರಿಮ್ (ಗಾಡಿ ತಾನಾಗಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳುವ ಪ್ರಮಾಣ) 3 ಪರ್ಸೆಂಟ್ ಒಳಗೆ, ಹಾಗಾಗಿ ಎಲ್ಲೋ ಗಾಳಿ ಎಳೆದುಕೊಂಡು ಲೀನ್, ಅಂದರೆ ಗಾಳಿಗೆ ಪೆಟ್ರೋಲ್ ಕಡಿಮೆ, ಆಗುತ್ತಿದೆ ಅನ್ನುವಂತೆಯೂ ಇಲ್ಲ. ಕೂಲೆಂಟ್, ಒಳಗೆ ಹೋಗುವ ಗಾಳಿ, ಎರಡರ ಟೆಂಪರೇಚರೂ ಸ್ಕ್ಯಾನರಿನಲ್ಲಿ ನಿಜವಾದದ್ದಕ್ಕೆ ಹೊಂದುತ್ತಿತ್ತು. ಟೈಮಿಂಗ್ ಚೈನ್ ಗುರುತು ಕೂಡಿತ್ತು. ಪೆಟ್ರೋಲ್ ಬಗ್ಗೆ ಮೇಷ್ಟ್ರಿಗೇ ಅನುಮಾನ, ಎಥನಾಲ್ ಬೆರೆಸುವುದರಿಂದ ಹೀಗಾಗುತ್ತಿದೆಯಾ ಅಂತ. ಈ ಮಾತು ಈಗ ಎಲ್ಲ ಕಡೆ ಇದೆ. ಹಳೆ ಗಾಡಿಯ ರಬ್ಬರ್, ಮೈಲೇಜ್ ವಿಚಾರ ಬೇರೆ. ನಾಕಿಂಗ್ ಮಟ್ಟಿಗೆ ಎಥನಾಲ್ ಉಲ್ಟಾ ಕೆಲಸ ಮಾಡುತ್ತದೆ. ಅದರ ಆಕ್ಟೇನ್ 108ರ ಆಸುಪಾಸು, ಬೆರೆಸಿದಷ್ಟೂ ನಾಕಿಂಗ್ ತಡೆಯುವ ಶಕ್ತಿ ಜಾಸ್ತಿಯೇ ಆಗುತ್ತದೆ.

ದಾರಿ ತೋರಿಸಿದ್ದು ಮೇಷ್ಟ್ರ ಒಂದು ಮಾತು. ಎರಡನೇ ದಿನ ಸಂಜೆ ಗಾಡಿ ವಿಚಾರಿಸಲು ಬಂದವರು ಟೀ ಕುಡಿಯುತ್ತಾ ಅಂದರು: "ನೋಡಪ್ಪ, ಆ ಹಳದಿ ಲೈಟ್ ಹತ್ತಿದ್ರೆ ಗಾಡಿ ಎಳೆಯಲ್ಲ, ಆದ್ರೆ ಸದ್ದೂ ಬರಲ್ಲ. ಎರಡ್ಮೂರು ದಿನ ಓಡಿಸಿದ್ಮೇಲೆ ಲೈಟ್ ತಾನೇ ಹೋಗುತ್ತೆ. ಆಮೇಲೆ ಮತ್ತೆ ಸದ್ದು."

ಹಳದಿ ಲೈಟ್ ಅಂದರೆ ಡ್ಯಾಶ್‌ಬೋರ್ಡಿನ ಚೆಕ್ ಇಂಜಿನ್ ಲೈಟ್. ಲೈಟ್ ಇದ್ದಾಗ ಸದ್ದಿಲ್ಲ, ಸದ್ದಿದ್ದಾಗ ಲೈಟಿಲ್ಲ. ಆ ರಾತ್ರಿ ನನಗೆ ಇದೇ ಯೋಚನೆ.

ನಾಕ್ ಸೆನ್ಸರ್ ಅಂದರೆ ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ ಬಿಗಿದ ಒಂದು ಕಿವಿ. ಒಳಗಿನ ಪೀಜೋ ಬಿಲ್ಲೆ ನಡುಕವನ್ನು ಸಣ್ಣ ವೋಲ್ಟೇಜ್ ಮಾಡಿ ಕಳಿಸುತ್ತದೆ. ಈ ಅಳತೆಯ ಇಂಜಿನ್‌ಗಳಲ್ಲಿ ನಾಕಿಂಗ್ ನಡುಕ 6ರಿಂದ 8 ಕಿಲೋಹರ್ಟ್ಜ್ ಸುಮಾರಿಗೆ ಬರುತ್ತದೆ. ಅದು ಕೇಳಿಸಿದರೆ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡುತ್ತದೆ, ಸದ್ದು ನಿಂತ ಮೇಲೆ ಮೆಲ್ಲಗೆ ಮುಂದಕ್ಕೆ ತರುತ್ತದೆ. ಸಿಗ್ನಲ್ ಪೂರ್ತಿ ನಿಂತೇಹೋದರೆ ನಾಕ್ ಸೆನ್ಸರ್ ತೊಂದರೆಯ ಪಿ0325 ಕೋಡ್ ಹಾಕಿ ಲೈಟ್ ಹಚ್ಚಿ, ಇಂಜಿನ್ ಉಳಿಸಲು ಕಿಡಿಯ ಟೈಮಿಂಗನ್ನು ತಾನೇ ಹಿಂದಕ್ಕೆ ಎಳೆದಿಡುತ್ತದೆ. ಆಗ ಪಿಕಪ್ ಇರುವುದಿಲ್ಲ, ನಾಕಿಂಗೂ ಇರುವುದಿಲ್ಲ. ಮೇಷ್ಟ್ರು ಹೇಳಿದ್ದು ಇದನ್ನೇ ಅಲ್ವಾ? ಹಾಗಾದರೆ ಲೈಟ್ ಇಲ್ಲದೆ ನಾಕ್ ಆಗುವಾಗ ಕಿವಿ ಪೂರ್ತಿ ಸತ್ತಿಲ್ಲ, ಮಂದವಾಗಿದೆ. ಸತ್ತಿದೆ ಅನ್ನುವಷ್ಟು ಮೌನ ಇಲ್ಲ, ನಾಕಿಂಗ್ ಗುರುತಿಸುವಷ್ಟು ಸದ್ದೂ ಇಸಿಎಂಗೆ ಸಿಗುತ್ತಿಲ್ಲ.

ಮಂದವಾಗಿರುವುದು ಸೆನ್ಸರ್ರಾ, ವೈರಾ, ಇಸಿಎಂ ಆ? ಅಷ್ಟೇ ಉಳಿದದ್ದು.

ಸೆನ್ಸರ್ ಬಿಚ್ಚಿ ಕೂರುವ ಜಾಗ ಒರೆಸಿ, ವಾಷರ್ ಇಲ್ಲದೆ, ಟಾರ್ಕ್ ಪಾನಾದಲ್ಲಿ 20 ನ್ಯೂಟನ್ ಮೀಟರಿಗೆ ಬಿಗಿದೆ. ಇದನ್ನು ಸುಮ್ನೆ ಕೈ ಅಂದಾಜಿನಲ್ಲಿ ಬಿಗಿಯುವವರೇ ಹೆಚ್ಚು. ಸಡಿಲ ಆದರೂ ತಪ್ಪು, ಜಾಸ್ತಿ ಬಿಗಿದರೂ ತಪ್ಪು. ಆಮೇಲೆ ಇಸಿಎಂ ಕಪ್ಲರಿನ ಹಿಂದಿನಿಂದ ಸಣ್ಣ ಪಿನ್ ತೂರಿಸಿ, ನಾಕ್ ಸಿಗ್ನಲ್ ಒಳಗೆ ಹೋಗುವ ಕಟ್ಟಕಡೆಯ ಜಾಗದಲ್ಲೇ, ವೋಲ್ಟೇಜನ್ನು ಅಲೆಯಾಗಿ ತೋರಿಸುವ ಆಸಿಲ್ಲೋಸ್ಕೋಪ್ ಕೊಟ್ಟೆ. ಹುಡುಗನಿಗೆ ಆಕ್ಸಿಲರೇಟರ್ 2500 ಆರ್‌ಪಿಎಂನಲ್ಲಿ ಹಿಡಿಯಲು ಹೇಳಿ, ಸೆನ್ಸರ್ ಪಕ್ಕ ಬ್ಲಾಕಿಗೆ ಸಣ್ಣ ಸುತ್ತಿಗೆಯಿಂದ ಟಕಟಕ ಬಡಿದೆ. ಸ್ಕೋಪಿನಲ್ಲಿ ಪ್ರತಿ ಏಟಿಗೂ ಚೂಪಾದ ಅಲೆ ಎದ್ದಿತು. ಸ್ಕ್ಯಾನರಿನಲ್ಲಿ ಟೈಮಿಂಗ್ 28 ಡಿಗ್ರಿಯಿಂದ 23ಕ್ಕೆ ಇಳಿಯಿತು. ಎಲ್ಲವೂ ಸರಿ! ಎಲ್ಲ ಗಾಡಿಯೂ ಈ ಪರೀಕ್ಷೆಗೆ ಹೀಗೆ ಸ್ಪಂದಿಸುವುದಿಲ್ಲ, ಇದು ಸ್ಪಂದಿಸಿತು. ಅದೇ ಆಮೇಲೆ ನನ್ನ ಕೈ ಹಿಡಿಯಿತು.

ಗ್ಯಾರೇಜಿನಲ್ಲಿ ಸರಿ, ಘಾಟಿಯಲ್ಲಿ ತಪ್ಪು. ಘಾಟಿಯಲ್ಲಿ ಇರುವುದು, ಇಲ್ಲಿ ಇಲ್ಲದ್ದು ಏನು? ಬಿಸಿ. ಗುಂಡ್ಯದ ತನಕ ಒಂದು ಗಂಟೆ ಓಡಿಸಿ ಏರು ಹತ್ತುವಾಗ ಬಾನೆಟ್ ಒಳಗೆ ಕಾದಿರುತ್ತದೆ. ಈ ಗಾಡಿಯಲ್ಲಿ ಇಸಿಎಂ ಇರುವುದೂ ಅಲ್ಲೇ, ವೈಪರ್ ಕೆಳಗಿನ ಪ್ಲಾಸ್ಟಿಕ್ ಟ್ರೇಗೆ ತಗುಲಿಕೊಂಡು. ಮನೆಯಿಂದ ಹೇರ್ ಡ್ರೈಯರ್ ತಂದು ಇಸಿಎಂ ಒಂದಕ್ಕೆ ಮಾತ್ರ ಬಿಸಿ ಗಾಳಿ ಬಿಟ್ಟೆ. ಮೇಲ್ಮೈ 60 ಡಿಗ್ರಿ ದಾಟುವ ಹೊತ್ತಿಗೆ ಮತ್ತೆ ಬಡಿದೆ. ಸ್ಕೋಪಿನಲ್ಲಿ ಅದೇ ಅಲೆ, ಅಷ್ಟೇ ಎತ್ತರ. ಟೈಮಿಂಗ್ 28ರಿಂದ ಅಲುಗಾಡಲಿಲ್ಲ. ಇನ್ನೈದು ನಿಮಿಷ ಕಾಯಿಸಿದೆ, ಹಳದಿ ಲೈಟ್ ಹತ್ತಿತು, ಪಿ0325. ತಣ್ಣಗಾಗಲು ಬಿಟ್ಟು, ಕೋಡ್ ಅಳಿಸಿ ಮತ್ತೆ ಬಡಿದರೆ 23ಕ್ಕೆ ಇಳಿಯಿತು. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ. ವೈರಿಂಗ್ ಎಳೆದು ಅಲ್ಲಾಡಿಸಿ ನೋಡಿದರೂ ಏನೂ ಬದಲಾಗಲಿಲ್ಲ.

ಸಿಗ್ನಲ್ ಬಾಗಿಲ ತನಕ ಬರುತ್ತಿದೆ, ಒಳಗೆ ಕೇಳಿಸುತ್ತಿಲ್ಲ. ಇಸಿಎಂ ಹೋಗಿದೆ ಅಂತ ನಾನು ಹೇಳಿದ್ದು ಆಮೇಲೆ. ಈ ಮಾತು ಬಾಯಿಗೆ ಬರುವ ಮೊದಲು ಇಷ್ಟು ಕೈಯಲ್ಲಿ ಇರಬೇಕು ಅಂತ ನನ್ನ ಗಟ್ಟಿ ನಂಬಿಕೆ. ಗಿರಾಕಿಯ ಸಾವಿರಾರು ರೂಪಾಯಿ ಅಂದಾಜಿನ ಮೇಲೆ ಹೋಗಬಾರದು.

ಇಸಿಎಂ ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ವೈಪರ್ ಟ್ರೇಯ ನೀರು ಹೋಗುವ ತೂತಿಗೆ ಒಣಗಿದ ಸಿಲ್ವರ್ ಮರದ ಎಲೆ, ಮಣ್ಣು ಸೇರಿ ಬೆರಣಿ ಹಾಗೆ ಗಟ್ಟಿಯಾಗಿ ಕೂತಿತ್ತು. ಮಳೆಗಾಲದ ನೀರು ಅಲ್ಲಿ ನಿಂತು, ತುಂಬಿ, ವೈರಿಂಗ್ ಹಿಡಿದುಕೊಂಡು ಇಸಿಎಂಗೆ ಇಳಿದಿದೆ. ಸುತ್ತಲಿನ ಸಿಲಿಕಾನ್ ಕತ್ತರಿಸಿ ಮುಚ್ಚಳ ತೆಗೆದರೆ ಬೋರ್ಡಿನ ಒಂದು ಮೂಲೆ ಹಸಿರು. ಪಿನ್‌ಗಳ ಬುಡದಿಂದ ಹೊರಟ ಹಸಿರು ಒಂದು ಸಣ್ಣ ಚಿಪ್ಪಿನ ಕಾಲುಗಳ ತನಕ ಹಬ್ಬಿತ್ತು. ಒರೆಸಿ, ಸೋಲ್ಡರ್ ಮಾಡಿ ಕೊಡಬಹುದಿತ್ತು. ತಾಮ್ರದ ಗೆರೆಗಳನ್ನೇ ತಿಂದಿದ್ದರಿಂದ ನನಗೆ ಧೈರ್ಯ ಬರಲಿಲ್ಲ. ರಾತ್ರಿ ಮಳೆಯಲ್ಲಿ ಘಾಟಿಯ ನಡುವೆ ಇಂಜಿನ್ ನಿಂತರೆ ಆ ವಯಸ್ಸಿನವರು ಏನು ಮಾಡಬೇಕು?

ಹೊಸದಕ್ಕೆ ಹೇಳಿದ ರೇಟು ಗಾಡಿಯ ಬೆಲೆಗೆ ಹೋಲಿಸಿದರೆ ತುಂಬಾ ಜಾಸ್ತಿ ಆಯಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿಸಿದೆ. ದುಡ್ಡು ಕೊಡುವ ಮೊದಲು ಸ್ಟಿಕ್ಕರಿನ ಫೋಟೋ ತರಿಸಿಕೊಂಡದ್ದು ಒಳ್ಳೆಯದಾಯಿತು. ಮೊದಲು ಸಿಕ್ಕಿದ್ದರಲ್ಲಿ ನಂಬರ್ ಎಲ್ಲ ಒಂದೇ, ಕೊನೆಯ ಎರಡು ಅಕ್ಷರ ಬೇರೆ. ವಿಚಾರಿಸಿದರೆ ಅದು ಆಟೋಮ್ಯಾಟಿಕ್ ಗಾಡಿಯದ್ದು. ಕಪ್ಲರ್ ಕೂರುತ್ತದೆ, ಆದರೆ ಒಳಗಿನ ಲೆಕ್ಕ ಬೇರೆ. ಪೂರ್ತಿ ನಂಬರ್ ಕೂಡಿದ್ದು ಸಿಗಲು ಹನ್ನೊಂದು ದಿನ ಹಿಡಿಯಿತು.

ಹಳೆ ಇಸಿಎಂ ಬಿಚ್ಚಿ ಇನ್ನೊಂದು ಗಾಡಿಯದ್ದನ್ನು ಹಾಕಿದ ಮಾತ್ರಕ್ಕೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕೀ ಒಳಗಿನ ಚಿಪ್ಪಿನ ಗುರುತು ಹಳೆ ಇಸಿಎಂನಲ್ಲಿರುತ್ತದೆ. ಹಾಗಾಗಿ ಹಳೆಯದರ ಪ್ರೋಗ್ರಾಂ ಮತ್ತು ಎಂಟು ಕಾಲಿನ ಮೆಮೊರಿ ಚಿಪ್ಪಿನ ಡೇಟಾ ಎರಡನ್ನೂ ಓದಿ ಗುಜರಿಯಿಂದ ತಂದದ್ದಕ್ಕೆ ಬರೆದೆ. ಹಸಿರು ಹಿಡಿದ ಬೋರ್ಡಿನಿಂದ ಓದುವಾಗ ಒಂದಕ್ಷರ ತಪ್ಪಿದರೂ ಕೀ ಒಪ್ಪದೇ ಹೋಗಬಹುದು. ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇದೆ ಅಂತ ಹೋಲಿಸಿ ನೋಡಿದ ಮೇಲೇ ಮುಂದಿನ ಕೆಲಸ. ತಂದದ್ದರಲ್ಲಿ ಮೊದಲೇ ಇದ್ದ ಡೇಟಾವನ್ನೂ ತೆಗೆದಿಟ್ಟುಕೊಂಡೆ. ಬ್ಯಾಟರಿ ನೆಗೆಟಿವ್ ಬಿಚ್ಚಿ ಹದಿನೈದು ನಿಮಿಷ ಬಿಟ್ಟು, ಕಪ್ಲರ್ ಪಿನ್ ಕ್ಲೀನ್ ಮಾಡಿ ಗುಜರಿಯದ್ದನ್ನು ಕೂರಿಸಿದೆ. ಮೊದಲ ಕೀಲಿಗೇ ಇಂಜಿನ್ ಎದ್ದಿತು. ಥ್ರಾಟಲ್ ಲರ್ನಿಂಗ್ (ಗಾಳಿ ಬಿಡುವ ಬಾಗಿಲಿನ ಅಳತೆಯನ್ನು ಇಸಿಎಂಗೆ ಕಲಿಸುವುದು) ಮಾಡಿಸಿದ ಮೇಲೆ ಐಡ್ಲಿಂಗ್ ಕೂಡ ನೆಲೆಗೆ ಬಂತು. ಟ್ರೇ ತೂತು ಬಿಡಿಸಿ ಮೇಲೆ ಜಾಲರಿ ಹಾಕಿದೆ. ವೈರಿಂಗನ್ನು ಒಂದು ಸುತ್ತು ಕೆಳಕ್ಕೆ ಜೋತುಬಿಟ್ಟು ಆಮೇಲೆ ಮೇಲಕ್ಕೆ ತಂದು ಕಟ್ಟಿದೆ, ಇನ್ನು ನೀರು ಬಂದರೂ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ.

ಭಾನುವಾರ ಬೆಳಿಗ್ಗೆ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಡ್ಯಕ್ಕೆ ಇಳಿದು, ಅಲ್ಲಿಂದ ಮೇಲಕ್ಕೆ ತಿರುಗಿಸಿದೆ. ಸ್ಕ್ಯಾನರ್ ಅವರ ಕೈಯಲ್ಲಿ. ಎರಡನೇ ತಿರುವಿನಲ್ಲಿ ಬೇಕಂತಲೇ ಮೂರನೇ ಗೇರಿನಲ್ಲೇ ಬಿಟ್ಟು ಪೂರ್ತಿ ಒತ್ತಿದೆ. ಒಂದೇ ಒಂದು ಸಲ ಕಿಣಿ ಅಂತು, ಅಷ್ಟರಲ್ಲಿ ನಿಂತಿತು. "ನಾಲ್ಕು ಇಳೀತು... ಈಗ ಮೆಲ್ಲಗೆ ಹತ್ತುತಾ ಇದೆ" ಅಂತ ಮೇಷ್ಟ್ರು ಅಂಕಿ ಓದಿದರು. ಆಮೇಲೆ ಸ್ಕ್ಯಾನರ್ ತೊಡೆ ಮೇಲಿಟ್ಟು, ಕಿಟಕಿ ಗಾಜು ಪೂರ್ತಿ ಇಳಿಸಿ, ದೋಣಿಗಾಲ್ ತನಕ ಇಂಜಿನ್ ಸದ್ದನ್ನೇ ಕೇಳುತ್ತಾ ಕೂತರು.